ಹಾಡಿಗೆ ಹಿತ್ತಾಳೆಯ ಕಳೆ

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಲ್ಲಿ ಮದುವೆ ತಿಂಗಳ ಸಂಜೆ ಅಡಿಕೆ ತೋಟದೊಳಗೆ ನಿಂತವರಿಗೆ ಊರೊಳಗಿನ ಮೆರವಣಿಗೆ ಕಾಣುವುದಿಲ್ಲ, ಕೇಳುತ್ತದೆ. ಕೇಳುವುದರಲ್ಲೂ ಒಂದು ಕ್ರಮವಿದೆ. ಮೊದಲು ಬರುವುದು ದೊಡ್ಡ ಡ್ರಮ್ಮಿನ ಗುದ್ದು. ಅದರ ಬೆನ್ನಿಗೆ ರಾಗ ಗುರುತು ಸಿಗದ ಒಂದು ಮಸುಕು ಸದ್ದು. ಮೆರವಣಿಗೆ ಬೀದಿಯ ತಿರುವು ದಾಟಿ ತೋಟದತ್ತ ಮುಖ ಮಾಡಿತೋ, ಟ್ರಂಪೆಟ್ ಒಮ್ಮೆಲೇ ಎದುರಿಗೆ ಬಂದು ನಿಂತಂತಾಗುತ್ತದೆ, ಯಾವ ಸಿನಿಮಾದ ಹಾಡು ಎಂಬುದೂ ತಿಳಿಯುತ್ತದೆ. ಆ ಕ್ಷಣದಲ್ಲಿ ಬ್ಯಾಂಡ್‌ಸೆಟ್‌ನವರು ಹೆಚ್ಚು ಜೋರಾಗಿ ಊದಿದ್ದೇನೂ ಇಲ್ಲ. ತಿರುಗಿದರು, ಅಷ್ಟೆ.

ಈ ತಿರುಗುವಿಕೆಯಲ್ಲಿ ಭೌತವಿಜ್ಞಾನದ ಒಂದು ಪಾಠವೇ ಅಡಗಿದೆ. ಸೆಕೆಂಡಿಗೆ 100 ಸಲ, ಅಂದರೆ 100 ಹರ್ಟ್ಝ್‌ನಲ್ಲಿ, ಕಂಪಿಸುವ ಸದ್ದಿನ ಅಲೆಯ ಉದ್ದ ಸುಮಾರು 3.4 ಮೀಟರು. ಮನೆಯ ಮೂಲೆ, ದನದ ಕೊಟ್ಟಿಗೆ, ಅಡಿಕೆ ಮರ ಯಾವುದನ್ನೂ ಲೆಕ್ಕಿಸದೆ ಅದು ಬಳಸಿಕೊಂಡು ಬರುತ್ತದೆ. 2000 ಹರ್ಟ್ಝ್‌ನ ಅಲೆಯ ಉದ್ದವೋ ಬರೀ 17 ಸೆಂಟಿಮೀಟರು. ಟ್ರಂಪೆಟ್ಟಿನ ಬಾಯಿ ಸುಮಾರು 12 ಸೆಂಟಿಮೀಟರು ಅಗಲ. ಅಲೆಯ ಉದ್ದ ಬಾಯಿಯ ಅಗಲಕ್ಕಿಂತ ಬಹಳ ದೊಡ್ಡದಿದ್ದಾಗ ಸದ್ದು ಎಲ್ಲ ದಿಕ್ಕಿಗೂ ಹರಡುತ್ತದೆ. ಅಲೆಯ ಉದ್ದ ಬಾಯಿಯ ಅಳತೆಯ ಹತ್ತಿರಕ್ಕೆ ಬಂದಂತೆ ಸದ್ದು ಮುಂದಕ್ಕಷ್ಟೇ ಚಿಮ್ಮುತ್ತದೆ. ಟ್ರಂಪೆಟ್ಟಿನಲ್ಲಿ ಈ ಬದಲಾವಣೆ 1200–1500 ಹರ್ಟ್ಝ್‌ನ ಆಸುಪಾಸಿನಲ್ಲಿ ಆಗುತ್ತದೆ. ಜೊತೆಗೆ ಗಾಳಿಯೂ ಸದ್ದನ್ನು ಸಮನಾಗಿ ತಿನ್ನುವುದಿಲ್ಲ. 20 ಡಿಗ್ರಿ ಉಷ್ಣತೆ, ಶೇ 70ರಷ್ಟು ತೇವ ಇರುವ ಹವೆಯಲ್ಲಿ ಒಂದು ಕಿಲೋಮೀಟರು ಹೋಗುವಷ್ಟರಲ್ಲಿ 125 ಹರ್ಟ್ಝ್‌ನ ಸದ್ದು ಗಾಳಿಗೆ ಕಳೆದುಕೊಳ್ಳುವುದು ಡೆಸಿಬಲ್ಲಿನ ಮೂರನೇ ಒಂದು ಪಾಲು; 1000 ಹರ್ಟ್ಝ್‌ನದು 5 ಡೆಸಿಬಲ್; 4000 ಹರ್ಟ್ಝ್‌ನದು 23. ತೋಟದ ಸೋಗೆ, ಎಲೆಗಳು ತಿನ್ನುವುದು ಬೇರೆ. ಆದ್ದರಿಂದ ದೂರಕ್ಕೆ ಡ್ರಮ್ಮೇ ಗತಿ. ಹಿತ್ತಾಳೆಯ ಹೊಳಪು ಬೇಕೆಂದರೆ ಅದರ ಎದುರಿಗೇ ಹೋಗಬೇಕು, ಇಲ್ಲವೆ ಅದು ನಮ್ಮೆದುರಿಗೆ ತಿರುಗಬೇಕು.

ಆ ಹೊಳಪಿನ ಬಗ್ಗೆಯೇ ಈ ಅಧ್ಯಾಯ. ಒಂದು ಸಾಧಾರಣ ಸಿನಿಮಾ ಹಾಡಿಗೆ, ಪಾಪ್ ಹಾಡಿಗೆ ಎರಡು ಟ್ರಂಪೆಟ್, ಒಂದು ಟ್ರೋಂಬೋನ್, ಒಂದು ಸ್ಯಾಕ್ಸೊಫೋನ್ ಸೇರಿಸಿದರೆ ಅದಕ್ಕೆ ಜೀವ ಬಂದಂತಾಗುವುದೇಕೆ? ಯಾರನ್ನು ಕೇಳಿದರೂ ಮೊದಲ ಉತ್ತರ ‘ಜೋರಾಗುತ್ತಲ್ಲ’ ಎನ್ನುವುದೇ. ಅದು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲಿಯೂ ಮುಟ್ಟುವುದಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದವರು 1931ರಲ್ಲಿ ವಾದ್ಯಗಳ ಶಕ್ತಿಯನ್ನು ಅಳೆದಿದ್ದರು. ಎಪ್ಪತ್ತೈದು ಜನರ ಇಡೀ ಆರ್ಕೆಸ್ಟ್ರಾ ತನ್ನ ಗರಿಷ್ಠ ಅಬ್ಬರದಲ್ಲಿ ಹೊರಹಾಕುವುದು ಸುಮಾರು 70 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ಬಲ್ಬಿನಷ್ಟು. ದೊಡ್ಡ ಡ್ರಮ್ಮಿಗೆ 25 ವ್ಯಾಟ್, ಟ್ರೋಂಬೋನಿಗೆ 6, ಟ್ರಂಪೆಟ್ಟಿಗೆ ಒಂದು ವ್ಯಾಟಿನ ಮೂರನೇ ಒಂದು ಭಾಗ. ಇವತ್ತು ಮೆರವಣಿಗೆಯಲ್ಲಿ ಲಾರಿ ಮೇಲೆ ಬರುವ ಡಿಜೆಯವರ ಆಂಪ್ಲಿಫಯರುಗಳು ಸಾವಿರಗಳ ಲೆಕ್ಕದಲ್ಲಿ ಮಾತಾಡುತ್ತವೆ. ಜೋರೇ ಮುಖ್ಯವಾಗಿದ್ದರೆ ಟ್ರಂಪೆಟ್ಟಿನ ಕತೆ ಎಂದೋ ಮುಗಿಯುತ್ತಿತ್ತು. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ, ಪಕ್ಕದ ಕೋಣೆಯವರಿಗೆ ಕೇಳದಷ್ಟು ಮೆತ್ತಗೆ ಹಾಕಿದಾಗಲೂ ಟ್ರಂಪೆಟ್ಟಿನ ತುಣುಕು ಬಂದೊಡನೆ ಹಾಡು ನೆಟ್ಟಗೆ ಎದ್ದು ಕೂರುತ್ತದೆ. ಗಾಯಕನ ದನಿಯನ್ನು ಎಷ್ಟು ದೊಡ್ಡದು ಮಾಡಿದರೂ ಆ ಪರಿಣಾಮ ಬರುವುದಿಲ್ಲ.

ನನ್ನ ವಾದ ಇಷ್ಟು: ಹಿತ್ತಾಳೆ ವಾದ್ಯ ಹಾಡಿಗೆ ಸೇರಿಸುವುದು ಸದ್ದನ್ನಲ್ಲ, ಶ್ರಮವನ್ನು. ಒಬ್ಬ ಮನುಷ್ಯ ಎದೆಯುಬ್ಬಿಸಿ ಊದುತ್ತಿದ್ದಾನೆ ಎಂಬ ಸುದ್ದಿಯನ್ನು ನಮ್ಮ ಕಿವಿ ಸದ್ದಿನ ಗಾತ್ರದಿಂದ ಓದುವುದಿಲ್ಲ, ಅದರ ಬಣ್ಣದಿಂದ ಓದುತ್ತದೆ. ಇದು ಹೇಗೆಂದು ತಿಳಿಯಲು ಕೊಳವೆಯ ಒಳಗೆ ಹೋಗಬೇಕು.

ಟ್ರಂಪೆಟ್ ಊದುವವರು ಬಾಯಿಂದ ಸುಮ್ಮನೆ ಗಾಳಿ ಬಿಡುವುದಿಲ್ಲ. ಬಿಗಿದ ತುಟಿಗಳ ನಡುವೆ ಗಾಳಿಯನ್ನು ನೂಕುತ್ತಾರೆ, ತುಟಿಗಳು ತೆರೆದು ಮುಚ್ಚಿ ಕಂಪಿಸುತ್ತವೆ. ತಾರಸ್ಥಾಯಿಯಲ್ಲಿ ಜೋರಾಗಿ ಊದುವಾಗ ಬಾಯೊಳಗಿನ ಒತ್ತಡ 20 ಕಿಲೋಪ್ಯಾಸ್ಕಲ್ ದಾಟಬಹುದು. ಡಾಕ್ಟರು ಹೇಳುವ 120/80 ಬಿಪಿಯಲ್ಲಿ ಮೇಲಿನ ಅಂಕಿಯೇ ಸುಮಾರು 16 ಕಿಲೋಪ್ಯಾಸ್ಕಲ್. ಹೃದಯ ರಕ್ತವನ್ನು ತಳ್ಳುವುದಕ್ಕಿಂತ ಹೆಚ್ಚು ಒತ್ತಿ ಗಾಳಿಯನ್ನು ತಳ್ಳುವ ಕೆಲಸ ಅದು. ಬ್ಯಾಂಡಿನವರ ಮುಖ ಕೆಂಪಾಗಿ ಕತ್ತಿನ ನರ ಉಬ್ಬುವುದು ನಾಟಕಕ್ಕಲ್ಲ.

ಹೀಗೆ ಕಂಪಿಸಿದ ಗಾಳಿಯ ಕಂಬ ಕೊಳವೆಯಲ್ಲಿ ಹಿಂದೆ ಮುಂದೆ ಓಡಾಡಿ ಕೆಲವೇ ಸ್ವರಗಳಲ್ಲಿ ನೆಲೆ ನಿಲ್ಲುತ್ತದೆ. ನಮ್ಮ ಜಾತ್ರೆಗಳ ಕೊಂಬು ಕಹಳೆಗಳನ್ನು ನೋಡಿ. ಅವಕ್ಕೆ ತೂತಿಲ್ಲ, ಕೀಲಿಯಿಲ್ಲ. ಇರುವುದು ಒಂದು ಬಾಗಿದ ಕೊಳವೆ ಮಾತ್ರ. ತುಟಿ ಬಿಗಿ ಮಾಡುತ್ತ ಹೋದರೆ ಅದರಲ್ಲಿ ಹುಟ್ಟುವ ಸ್ವರಗಳ ಕಂಪನಸಂಖ್ಯೆಗಳು ಹೆಚ್ಚು ಕಡಿಮೆ 2, 3, 4, 5, 6 ಎಂಬ ಅನುಪಾತದಲ್ಲಿರುತ್ತವೆ. ಸಂಗೀತ ಬಲ್ಲವರಿಗೆ ಇದನ್ನು ಹೀಗೆ ಹೇಳಬಹುದು: ಸ, ಪ, ಮೇಲಿನ ಸ, ಅಂತರ ಗಾಂಧಾರ, ಮತ್ತೆ ಪ. ಇಷ್ಟರಲ್ಲಿ ದೇವರ ಪಲ್ಲಕ್ಕಿ ಹೊರಟಿತೆಂದು ಊರಿಗೆ ಸಾರಬಹುದು, ಒಂದು ಹಾಡಿನ ಪಲ್ಲವಿಯನ್ನು ನುಡಿಸಲಾಗದು. ಜರ್ಮನಿಯ ಹೈನ್ರಿಶ್ ಸ್ಟೋಲ್ಟ್ಸೆಲ್ ಮತ್ತು ಫ್ರೀಡ್ರಿಶ್ ಬ್ಲೂಮೆಲ್ 1818ರಲ್ಲಿ ಹಕ್ಕುಪತ್ರ ಪಡೆದ ವಾಲ್ವ್ ಈ ಕಷ್ಟವನ್ನು ಬಗೆಹರಿಸಿತು. ಬೆರಳಿನಿಂದ ಒತ್ತಿದರೆ ಕೊಳವೆಗೆ ಒಂದು ತುಂಡು ಹೆಚ್ಚುವರಿ ಸೇರುತ್ತದೆ: ಒಂದು ವಾಲ್ವ್ ಅರ್ಧ ಸ್ವರ ಇಳಿಸುತ್ತದೆ, ಇನ್ನೊಂದು ಒಂದು ಸ್ವರ, ಮೂರನೆಯದು ಒಂದೂವರೆ. ಸುಮಾರು 1.4 ಮೀಟರು ಉದ್ದದ ಕೊಳವೆ ಹೀಗೆ ಬೇರೆ ಬೇರೆ ಉದ್ದದ ಏಳು ಕೊಳವೆಗಳಾಗಿ, ನಡುವಿನ ಎಲ್ಲ ಸ್ವರಗಳೂ ಕೈಗೆ ಸಿಕ್ಕವು. ಬ್ರಿಟಿಷ್ ಸೇನೆಯ ಬ್ಯಾಂಡುಗಳ ಜೊತೆ ಈ ವಾದ್ಯ ನಮ್ಮಲ್ಲಿಗೆ ಬಂತು, ಅರಮನೆಗಳಿಗೆ ಹೋಯಿತು, ಕೊನೆಗೆ ಮದುವೆ ಮನೆಗೆ. ಉತ್ತರ ಪ್ರದೇಶದ ಮೀರತ್‌ನಲ್ಲಿ 1885ರಲ್ಲಿ ಶುರುವಾದ ನಾದಿರ್ ಅಲಿ ಕಂಪನಿಯಂಥವು ದೇಶದ ಬೀದಿ ಬೀದಿಗಳ ಬ್ಯಾಂಡುಗಳಿಗೆ ವಾದ್ಯ ಮಾಡಿಕೊಟ್ಟವು.

ಈಗ ಶ್ರಮದ ವಿಷಯ. ಮೆತ್ತಗೆ ಊದಿದಾಗ ಟ್ರಂಪೆಟ್ಟಿನಿಂದ ಬರುವುದು ಮೂಲಸ್ವರ ಮತ್ತು ಅದರ ಎರಡು, ಮೂರು, ನಾಲ್ಕು ಪಟ್ಟಿನ ಕೆಲವು ಮೇಲ್ಸ್ವರಗಳು ಮಾತ್ರ. ಕೇಳಲು ದುಂಡಗೆ, ತುಸು ಮಂಕು. ಜೋರಾಗಿ ಊದಿದರೆ ಎಲ್ಲವೂ ಸಮನಾಗಿ ಹೆಚ್ಚುವುದಿಲ್ಲ. ಮೂಲಸ್ವರ ಸ್ವಲ್ಪ ಬೆಳೆಯುತ್ತದೆ, ಹತ್ತನೆಯ, ಹದಿನೈದನೆಯ ಮೇಲ್ಸ್ವರಗಳು ಎಲ್ಲಿಂದಲೋ ಎದ್ದು ಬರುತ್ತವೆ. ಕಾರಣ ಎರಡು. ಒಂದು, ತುಟಿಗಳು ಗಾಳಿಯನ್ನು ಬಿಡುವ ರೀತಿಯೇ ಬದಲಾಗುತ್ತದೆ. ಎರಡನೆಯದು ಹೆಚ್ಚು ಸ್ವಾರಸ್ಯದ್ದು. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ, ಸದ್ದು ಸಣ್ಣದೋ ದೊಡ್ಡದೋ ಎಂಬುದನ್ನಲ್ಲ ಎಂದು. ಸಾಧಾರಣ ಸದ್ದಿಗೆ ಇದು ಸರಿ. ಆದರೆ ಟ್ರಂಪೆಟ್ಟಿನ ಕೊಳವೆಯೊಳಗಿನ ಸದ್ದು ಸಾಧಾರಣದ್ದಲ್ಲ. ಅಲ್ಲಿ ಅಲೆಯ ಏರುಭಾಗದಲ್ಲಿ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ, ಮುಂದಕ್ಕೂ ಚಲಿಸುತ್ತಿರುತ್ತದೆ. ಹಾಗಾಗಿ ಏರುಭಾಗ ತಗ್ಗುಭಾಗಕ್ಕಿಂತ ತುಸು ವೇಗವಾಗಿ ಓಡುತ್ತದೆ. ಮೆರವಣಿಗೆಯಲ್ಲಿ ಹಿಂದಿನವರು ಅವಸರ ಮಾಡಿ, ಮುಂದಿನವರು ಕುಣಿಯುತ್ತ ನಿಧಾನ ಮಾಡಿದರೆ ನಡುವೆ ಜನ ಗೋಡೆ ಕಟ್ಟಿದಂತೆ ಒತ್ತರಿಸುತ್ತಾರಲ್ಲ, ಹಾಗೆ ಅಲೆಯ ಮುಂಭಾಗ ಕೊಳವೆಯುದ್ದಕ್ಕೂ ಕಡಿದಾಗುತ್ತ ಹೋಗುತ್ತದೆ. ತುದಿ ಮುಟ್ಟುವ ಹೊತ್ತಿಗೆ ಅದು ನುಣುಪಾದ ಅಲೆಯಲ್ಲ, ನೆಟ್ಟಗಿನ ಗೋಡೆ. ಕಡಿದಾದ ಅಲೆ ಎಂದರೆ ಮೇಲ್ಸ್ವರಗಳು ತುಂಬಿದ ಅಲೆ. ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಟ್ರೋಂಬೋನಿನೊಳಗೆ ಆಘಾತ ತರಂಗಗಳೇ ಹುಟ್ಟುತ್ತವೆ ಎಂದು ತೋರಿಸಿದರು. ಯುದ್ಧವಿಮಾನ ಶಬ್ದದ ವೇಗ ಮೀರಿದಾಗ ಹುಟ್ಟುವುದೂ ಇದೇ ಜಾತಿಯ ಅಲೆ. 2003ರಲ್ಲಿ ಪೆನ್ಸಿಲ್ವೇನಿಯಾದ ವಿಜ್ಞಾನಿಗಳು ಟ್ರಂಪೆಟ್ಟಿನ ಬಾಯಿಂದ ಹೊರಬರುವ ಆಘಾತ ತರಂಗದ ಚಿತ್ರವನ್ನೂ ತೆಗೆದರು.

ಕೊಳವೆ ಹೆಚ್ಚು ದೂರ ಒಂದೇ ಅಗಲದಲ್ಲಿ ಸಾಗಿದರೆ ಈ ಕಡಿದಾಗುವಿಕೆ ಬಲವಾಗುತ್ತದೆ. ಟ್ರಂಪೆಟ್, ಟ್ರೋಂಬೋನ್ ಅಂಥವು. ಬ್ಯಾಂಡಿನಲ್ಲಿ ಎದೆಗವಚಿಕೊಂಡು ಊದುವ ಯುಫೋನಿಯಂ ಶುರುವಿನಿಂದಲೇ ಅಗಲವಾಗುತ್ತ ಹೋಗುವುದರಿಂದ ಒಳಗಿನ ಒತ್ತಡ ಬೇಗ ತಗ್ಗುತ್ತದೆ. ಅದಕ್ಕೇ ಅದರ ದನಿ ಎಷ್ಟು ಊದಿದರೂ ಮೃದು. ಪಾಪ, ಅದನ್ನು ಊದುವವನ ಶ್ರಮ ಯಾರಿಗೂ ಕೇಳುವುದೇ ಇಲ್ಲ.

ಈ ಬಣ್ಣವನ್ನು ಕಿವಿ ಎಷ್ಟು ನಂಬುತ್ತದೆ ಎಂಬುದು ಗೊತ್ತಾದದ್ದು ಟ್ರಂಪೆಟ್ಟನ್ನು ಕಂಪ್ಯೂಟರಿನಲ್ಲಿ ನಕಲು ಮಾಡಲು ಹೋದಾಗ. 1960ರ ದಶಕದ ನಡುವೆ ಫ್ರಾನ್ಸಿನ ಝಾನ್-ಕ್ಲೋದ್ ರಿಸ್ಸೆ ಬೆಲ್ ಪ್ರಯೋಗಾಲಯದಲ್ಲಿ ಕೂತು ಟ್ರಂಪೆಟ್ಟಿನ ನಾದವನ್ನು ಬಿಡಿಸಿ ನೋಡಿದ. ಪಠ್ಯಪುಸ್ತಕಗಳಲ್ಲಿದ್ದ ಮೇಲ್ಸ್ವರಗಳ ಪ್ರಮಾಣವನ್ನು ಹಾಗೆಯೇ ಕಂಪ್ಯೂಟರಿಗೆ ಕೊಟ್ಟರೆ ಬರುತ್ತಿದ್ದದ್ದು ಹಿತ್ತಾಳೆಯ ದನಿಯೇ ಅಲ್ಲ. ಒಂದೊಂದು ಸ್ವರವನ್ನೂ ಗಮನಿಸಿದಾಗ ಗುಟ್ಟು ಹೊರಬಿತ್ತು: ಸ್ವರ ಹುಟ್ಟುವಾಗ ಮೇಲ್ಸ್ವರಗಳು ತಡವಾಗಿ ಬರುತ್ತವೆ, ಸ್ವರ ಬಲಗೊಂಡಷ್ಟೂ ಅವುಗಳ ಪಾಲು ಹೆಚ್ಚುತ್ತದೆ. ಸೆಕೆಂಡಿನ ಕೆಲವು ನೂರರ ಭಾಗದಲ್ಲಿ ನಡೆದು ಹೋಗುವ ಈ ಸಂಗತಿಯೇ ‘ಇದು ಹಿತ್ತಾಳೆ’ ಎಂದು ಕಿವಿಗೆ ಹೇಳುವ ಗುರುತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಕೊಂಡ ಎಫ್‌ಎಂ ವಿಧಾನಕ್ಕೆ ಈ ತಿಳಿವನ್ನು ಸೇರಿಸಿದ. ಎರಡೇ ಆಂದೋಲಕಗಳು, ಒಂದು ಇನ್ನೊಂದನ್ನು ಎಷ್ಟು ಅಲುಗಿಸಬೇಕು ಎಂಬುದನ್ನು ಸದ್ದಿನ ಬಲಕ್ಕೆ ಕಟ್ಟಿಬಿಟ್ಟರೆ ಸಾಕು, ಕಂಪ್ಯೂಟರಿನಿಂದ ಹಿತ್ತಾಳೆ ಹೊಮ್ಮಿತು. ಯಮಹಾ ಕಂಪನಿ ಆ ವಿಧಾನದ ಪರವಾನಗಿ ಪಡೆದು 1983ರಲ್ಲಿ ಡಿಎಕ್ಸ್-7 ಎಂಬ ಕೀಬೋರ್ಡ್ ತಂದಿತು. ಅದರ ಕತೆ ಮುಂದೆ ನಲ್ಲೂರಿನ ಬೀದಿಗೂ ಬರುತ್ತದೆ.

ಶ್ರಮವೇ ಮುಖ್ಯ ಎಂಬುದಕ್ಕೆ ಪಾಪ್ ಸಂಗೀತದ ಚರಿತ್ರೆಯಲ್ಲಿ ಒಂದು ತಮಾಷೆಯ ಸಾಕ್ಷಿಯಿದೆ. ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ 1965ರಲ್ಲಿ ‘ಸ್ಯಾಟಿಸ್ಫ್ಯಾಕ್ಷನ್’ ಹಾಡಿಗೆ ಫಝ್ ಪೆಟ್ಟಿಗೆಯ ಮೂಲಕ ಗಿಟಾರ್ ನುಡಿಸಿದ್ದು, ಮುಂದೆ ಅಲ್ಲಿ ಹಿತ್ತಾಳೆ ವಾದ್ಯಗಳು ಬರಬೇಕು ಎಂಬ ಗುರುತಿಗೆ ಮಾತ್ರ. ಆ ಪೆಟ್ಟಿಗೆ ಮಾಡುತ್ತಿದ್ದದ್ದೇನು? ಗಿಟಾರಿನ ಅಲೆಯ ತಲೆಯನ್ನು ಕತ್ತರಿಸಿ ಕಡಿದಾಗಿಸುವುದು, ಅಂದರೆ ಕೊಳವೆ ಮಾಡುವ ಕೆಲಸವನ್ನೇ ಟ್ರಾನ್ಸಿಸ್ಟರಿನಿಂದ ಮಾಡಿಸುವುದು. ತಯಾರಕರೂ ಅದನ್ನು ಹಿತ್ತಾಳೆ ವಾದ್ಯಗಳನ್ನು ಅನುಕರಿಸುವ ಉಪಕರಣವೆಂದೇ ಮಾರಿದ್ದರು. ಹಾಡು ಗಿಟಾರಿನಲ್ಲೇ ಬಿಡುಗಡೆಯಾಗಿ ಜಗತ್ತನ್ನು ಗೆದ್ದಿತು. ಅದೇ ವರ್ಷ ಓಟಿಸ್ ರೆಡ್ಡಿಂಗ್ ಎಂಬ ಗಾಯಕ ಮೆಂಫಿಸ್‌ನಲ್ಲಿ ಅದನ್ನು ಮತ್ತೆ ಹಾಡಿದಾಗ ಆ ಜಾಗಕ್ಕೆ ನಿಜವಾದ ಟ್ರಂಪೆಟ್, ಸ್ಯಾಕ್ಸೊಫೋನುಗಳೇ ಬಂದವು.

ಒಂದೇ ಹಾಡು, ಹಿತ್ತಾಳೆ ಇಲ್ಲದೆ ಮತ್ತು ಇದ್ದು: ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. ‘ರಿಂಗ್ ಆಫ್ ಫೈರ್’ ಹಾಡನ್ನು ಮೊದಲು ಅನಿತಾ ಕಾರ್ಟರ್ ಹಾಡಿದರು. ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ. 1963ರಲ್ಲಿ ಜಾನಿ ಕ್ಯಾಶ್ ಮೆಕ್ಸಿಕೋದ ಮರಿಯಾಚಿ ಶೈಲಿಯ ಎರಡು ಟ್ರಂಪೆಟ್ ಸೇರಿಸಿ ಹಾಡಿದರು. ಆ ಕಲ್ಪನೆ ಕನಸಿನಲ್ಲಿ ಬಂತೆಂದು ಅವರೇ ಹೇಳಿಕೊಂಡಿದ್ದಾರೆ. ಈ ಸಲ ಹಾಡು ಗೆದ್ದಿತು. ಆದರೆ ಗಾಯಕರೂ ಬೇರೆ, ಲಯವೂ ಬೇರೆ. ಎಲ್ಲ ಯಶಸ್ಸನ್ನೂ ಟ್ರಂಪೆಟ್ಟಿನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಬೀಟಲ್ಸ್ ತಂಡದ 1966ರ ‘ಗಾಟ್ ಟು ಗೆಟ್ ಯೂ ಇನ್‌ಟು ಮೈ ಲೈಫ್’ ಇನ್ನೂ ಶುದ್ಧವಾದ ಉದಾಹರಣೆ. ಅದೇ ತಂಡ, ಅದೇ ಹಾಡುಗಾರ. ಹಿತ್ತಾಳೆ ಸೇರುವ ಮುಂಚಿನ ಮುದ್ರಣ 1996ರಲ್ಲಿ ಹೊರಬಂತು. ಎರಡನ್ನೂ ಪಕ್ಕ ಪಕ್ಕ ಕೇಳಿದರೆ ಮೊದಲನೆಯದು ಒಳ್ಳೆಯ ಹಾಡಿನ ಕರಡು, ಎರಡನೆಯದು ಹಾಡು. ಮೂರು ಟ್ರಂಪೆಟ್, ಎರಡು ಟೆನರ್ ಸ್ಯಾಕ್ಸೊಫೋನ್. ಧ್ವನಿಮುದ್ರಕ ಜೆಫ್ ಎಮೆರಿಕ್ ಮೈಕುಗಳನ್ನು ವಾದ್ಯಗಳ ಬಾಯಿಗೇ ಹತ್ತಿರ ಇಟ್ಟಿದ್ದ. ನಲ್ಲೂರಿನ ಬೀದಿ ತಿರುವಿನಲ್ಲಿ ಆಗುವುದನ್ನು ಅವನು ಲಂಡನ್ನಿನ ಸ್ಟುಡಿಯೊದಲ್ಲಿ ಬೇಕೆಂದೇ ಮಾಡಿದ: ಮುಂದಕ್ಕೆ ಚಿಮ್ಮುವ ಹೊಳಪನ್ನು ಚದುರುವ ಮುಂಚೆಯೇ ಹಿಡಿದ.

ಹಾಗಾದರೆ ಒಂದೇ ಟ್ರಂಪೆಟ್ ಸಾಲದೇ, ಗುಂಪೇಕೆ? ಮೂವರು ಒಟ್ಟಿಗೆ ಊದಿದರೆ ಹೆಚ್ಚುವುದು ಐದು ಡೆಸಿಬಲ್ಲಿಗಿಂತ ಸ್ವಲ್ಪ ಕಡಿಮೆ. ಕಿವಿಗೆ ‘ಎರಡು ಪಟ್ಟು ಜೋರು’ ಅನಿಸಬೇಕಾದರೆ ಹತ್ತು ಜನ ಬೇಕು. ಲಾಭ ಇರುವುದು ಬೇರೆ ಕಡೆ. ಇಬ್ಬರು ಒಂದೇ ಸ್ವರ ಹಿಡಿದರೂ ಕೂದಲೆಳೆಯ ವ್ಯತ್ಯಾಸ ಇದ್ದೇ ಇರುತ್ತದೆ. ಅವರ ಅಲೆಗಳು ಸೇರಿ ಬಿಟ್ಟು ಸೇರಿ ಬಿಟ್ಟು ಸದ್ದು ಮಿನುಗುತ್ತದೆ. ಇನ್ನು ಮೂವರೂ ಬೇರೆ ಬೇರೆ ಸ್ವರ ಹಿಡಿದರೆ, ಸ, ಗ, ಪ ಎಂದುಕೊಳ್ಳಿ, ಅವುಗಳ ಅನುಪಾತ 4:5:6. ಮೇಲೆ ಕೊಂಬಿನ ಬಗ್ಗೆ ಹೇಳಿದ ಅಂಕಿಗಳನ್ನು ನೆನಪಿಸಿಕೊಳ್ಳಿ. ಒಂದು ಭಾರೀ ಕೊಂಬಿನ ನಾಲ್ಕನೆಯ, ಐದನೆಯ, ಆರನೆಯ ಸ್ವರಗಳೂ ಇವೇ! ಮೂರು ಸಣ್ಣ ಟ್ರಂಪೆಟ್ಟುಗಳು ಸೇರಿ, ಅಲ್ಲಿ ಇಲ್ಲದೇ ಇರುವ ಒಂದು ದೈತ್ಯ ಕೊಳವೆಯ ಸುಳಿವನ್ನು ಕಿವಿಗೆ ಕೊಡುತ್ತವೆ. ಮೆದುಳು ಆ ಸುಳಿವನ್ನು ಹಿಡಿದು, ಯಾರೂ ಊದದ 1ನೇ ಸ್ವರವನ್ನು, ಅಂದರೆ ಎರಡು ಸ್ಥಾಯಿ ಕೆಳಗಿನ ಷಡ್ಜವನ್ನು ತಾನೇ ತುಂಬಿಕೊಳ್ಳಲು ನೋಡುತ್ತದೆ. ಹಿತ್ತಾಳೆಯ ಗುಂಪಿಗೆ ಆ ಘನತೆ ಬರುವುದು ಇಲ್ಲಿಂದ. ಆದರೆ ಅನುಪಾತ ಕರಾರುವಾಕ್ಕಾಗಿರಬೇಕು. ಕೀಬೋರ್ಡಿನ ಗಾಂಧಾರ ಈ ಶುದ್ಧ ಅನುಪಾತಕ್ಕಿಂತ ಅರ್ಧಸ್ವರದ ಸುಮಾರು ಏಳನೇ ಒಂದು ಭಾಗದಷ್ಟು ಮೇಲಿರುತ್ತದೆ. ಕೀಲಿಗೆ ಕಿವಿಯಿಲ್ಲ, ತುಟಿಯ ಹಿಂದೆ ಕಿವಿಯಿದೆ. ಪಳಗಿದ ಊದುಗಾರರು ಪಕ್ಕದವನನ್ನು ಕೇಳಿಕೊಂಡೇ ಗಾಂಧಾರವನ್ನು ಕೆಳಗೆ ಎಳೆದು ಕೂರಿಸುತ್ತಾರೆ.

ಸ್ಯಾಕ್ಸೊಫೋನ್ ಈ ಗುಂಪಿನಲ್ಲಿ ಅರ್ಧ ಹೊರಗಿನವನು. ಮೈ ಹಿತ್ತಾಳೆ, ಬಾಯಲ್ಲಿ ಬಿದಿರಿನಂಥ ಒಂದು ಸೀಳು ಪಟ್ಟಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಇದರ ಹಕ್ಕುಪತ್ರ ಪಡೆದ. ಇಲ್ಲಿ ಕಂಪಿಸುವುದು ತುಟಿಯಲ್ಲ, ಆ ಪಟ್ಟಿ. ಜೋರಾಗಿ ಊದಿದಾಗ ಪಟ್ಟಿ ದ್ವಾರವನ್ನು ಪೂರ್ತಿ ಮುಚ್ಚಿಬಿಡುವುದರಿಂದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ದಾರಿ ಬೇರೆ, ಫಲ ಒಂದೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇದನ್ನು ಕಂಡು ಮನಸೋತ ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮನೆಯ ಹುಡುಗನೊಬ್ಬ ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ದು, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯಲ್ಲಿ ನುಡಿಸಿದ್ದು, ಅದೇ ವರ್ಷ ರೆಹಮಾನರ ‘ಡ್ಯುಯೆಟ್’ ಚಿತ್ರದ ಹಾಡುಗಳಲ್ಲಿ ಮನೆಮನೆಗೂ ಕೇಳಿಸಿದ್ದು ಎಲ್ಲರಿಗೂ ಗೊತ್ತು: ಕದ್ರಿ ಗೋಪಾಲನಾಥ್. ಅವರು ಆ ವಾದ್ಯದಿಂದ ತೆಗೆದದ್ದು ಗಮಕ. ಗುಂಪಿನ ಸ್ಯಾಕ್ಸೊಫೋನಿನ ಕೆಲಸ ಬೇರೆ. ಟ್ರಂಪೆಟ್ಟಿನ ಚೂಪಿಗೆ ಕೆಳಗಿನಿಂದ ಮೈ ಕೊಡುವುದು ಅದರ ಪಾಲು.

ಹಾಡಿನಲ್ಲಿ ಹಿತ್ತಾಳೆಯನ್ನು ಎಲ್ಲಿ ಇಡಬೇಕು ಎಂಬುದೂ ಕಿವಿಯ ಶಾಸ್ತ್ರವೇ. ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2000ದಿಂದ 5000 ಹರ್ಟ್ಝ್ ನಡುವೆ. ಜೋರಾಗಿ ಊದಿದ ಟ್ರಂಪೆಟ್ಟಿನ ಹೊಸ ಮೇಲ್ಸ್ವರಗಳು ಬಂದು ಬೀಳುವುದು ಅಲ್ಲೇ. ದುರದೃಷ್ಟಕ್ಕೆ ಗಾಯಕನ ವ್ಯಂಜನಗಳ ಸ್ಪಷ್ಟತೆ ಇರುವುದೂ ಅಲ್ಲೇ. ಇಬ್ಬರೂ ಒಟ್ಟಿಗೆ ಬಂದರೆ ಸಾಹಿತ್ಯ ಮುಳುಗುತ್ತದೆ. ಆದ್ದರಿಂದ ಜಾಣ ಸಂಗೀತ ನಿರ್ದೇಶಕರು ಗಾಯಕ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ, ಸಾಲು ಮುಗಿದ ಬೆನ್ನಿಗೆ, ಪಲ್ಲವಿ ಚರಣಗಳ ನಡುವಿನ ಬಿಜಿಎಂನಲ್ಲಿ ಹಿತ್ತಾಳೆಯನ್ನು ಕೂರಿಸುತ್ತಾರೆ. ಗಾಯಕ ಹೇಳಿದ್ದಕ್ಕೆ ‘ಹೌದಲೇ’ ಎನ್ನುವುದಷ್ಟೇ ಅದರ ಕೆಲಸ.

ಕನ್ನಡದಲ್ಲಿ ಈ ಸದ್ದಿಗೆ ಒಂದು ಖಚಿತ ವಿಳಾಸ ಕೊಡಬೇಕೆಂದರೆ ನಾನು ಸಿಐಡಿ 999 ಎನ್ನುತ್ತೇನೆ. ಜೇಮ್ಸ್ ಬಾಂಡನ ಮೊದಲ ಚಿತ್ರ 1962ರಲ್ಲಿ ಬಂದಾಗ ಮಾಂಟಿ ನಾರ್ಮನ್ ರಚಿಸಿ ಜಾನ್ ಬ್ಯಾರಿ ಅಣಿಗೊಳಿಸಿದ ಸಂಗೀತ, ಒಂದು ಗಿಟಾರು ಮತ್ತು ಅಬ್ಬರಿಸುವ ಹಿತ್ತಾಳೆ ಸೇರಿ, ಗೂಢಚಾರ ಎಂದರೆ ಹೇಗೆ ಕೇಳಬೇಕೆಂದು ಜಗತ್ತಿಗೇ ತೀರ್ಮಾನಿಸಿಬಿಟ್ಟಿತು. ಆರು ವರ್ಷಗಳ ನಂತರ ನಿರ್ದೇಶಕ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರರನ್ನು ಸಿಐಡಿ 999 ಮಾಡಿದರು, ‘ಗೋವಾದಲ್ಲಿ ಸಿಐಡಿ 999’ ಅದೇ ವರ್ಷ, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಮರುವರ್ಷ, ‘ಆಪರೇಷನ್ ಡೈಮಂಡ್ ರಾಕೆಟ್’ 1978ರಲ್ಲಿ. ಎಲ್ಲಕ್ಕೂ ಸಂಗೀತ ಜಿ.ಕೆ. ವೆಂಕಟೇಶ್. ಆಗ ಕನ್ನಡ ಹಾಡುಗಳ ಬಹುಪಾಲು ಧ್ವನಿಮುದ್ರಣ ನಡೆಯುತ್ತಿದ್ದದ್ದು ಮದ್ರಾಸಿನಲ್ಲಿ. ವೆಂಕಟೇಶರ ಬಳಿ ಗಿಟಾರು ನುಡಿಸುತ್ತ, ಸಹಾಯಕನಾಗಿ ದುಡಿದ ಇಳಯರಾಜ ಮುಂದೆ ವಾದ್ಯವೃಂದದ ಬಳಕೆಯಲ್ಲಿ ದಕ್ಷಿಣ ಭಾರತಕ್ಕೇ ದೊಡ್ಡ ಹೆಸರಾದರು. ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಇಂಗ್ಲಿಷ್ ಸಾಲು ಹಾಡಿದ ಹಾಡು ಇವತ್ತಿಗೂ ಕಾಲೇಜು ಹುಡುಗರ ಬಾಯಲ್ಲಿ ನಲಿಯುತ್ತಿದೆ. ಅದನ್ನು ಬರೀ ಹಾರ್ಮೋನಿಯಂ ತಬಲಾದ ಜೊತೆ ಕಲ್ಪಿಸಿಕೊಂಡು ನೋಡಿ, ಗೂಢಚಾರ ಗುಮಾಸ್ತನಾಗುತ್ತಾನೆ.

ಎಲ್ಲ ಹಾಡಿಗೂ ಹಿತ್ತಾಳೆ ಒಳ್ಳೆಯದೆಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಭಾವಗೀತೆಗಳಿಗೆ ಅದು ವಿಷ. ಒಬ್ಬರು ಇನ್ನೊಬ್ಬರ ಕಿವಿಯ ಬಳಿ ಮೆಲ್ಲಗೆ ಆಡಿದಂತಿರುವ ಹಾಡಿನಲ್ಲಿ ಮೂರನೆಯವನೊಬ್ಬ ಕತ್ತಿನ ನರ ಉಬ್ಬಿಸಿಕೊಂಡು ನಿಂತರೆ ಆ ಆಪ್ತತೆ ಉಳಿಯುವುದೆಲ್ಲಿ? ಶ್ರಮದ ಸುದ್ದಿ ಬೇಡದ ಕಡೆ ಶ್ರಮ ಕೇಳಿಸಬಾರದು.

ಆದರೆ ನಲ್ಲೂರು, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಬ್ಯಾಂಡ್‌ಸೆಟ್ ಈ ಎಲ್ಲ ಶಾಸ್ತ್ರವನ್ನೂ ತಲೆಕೆಳಗು ಮಾಡುತ್ತದೆ. ಅಲ್ಲಿ ಹಾಡಿಗೆ ಹಿತ್ತಾಳೆ ಸೇರಿಸುವುದಿಲ್ಲ, ಹಿತ್ತಾಳೆಗೇ ಹಾಡನ್ನು ಒಪ್ಪಿಸಿಬಿಡುತ್ತಾರೆ. ಗಾಯಕನಿಲ್ಲ, ಗಾಯಕನ ಸಾಲನ್ನು ಟ್ರಂಪೆಟ್ ಹಿಡಿಯುತ್ತದೆ, ಕ್ಲಾರಿನೆಟ್ ಅದರ ಮೇಲೆ ಹರಿದಾಡುತ್ತದೆ, ಯುಫೋನಿಯಂ ಕೆಳಗಿನಿಂದ ಅದೇ ಸಾಲನ್ನು ಒಂದು ಹೆಜ್ಜೆ ಹಿಂದೆ ಬಿದ್ದು ಹೇಳುತ್ತದೆ. ಸ, ಗ, ಪ ಎಂದು ಹಂಚಿಕೊಳ್ಳುವ ಗೋಜಿಲ್ಲ, ಎಲ್ಲರೂ ಒಂದೇ ರಾಗ. ಸಾಹಿತ್ಯ ಕೇಳುಗರ ತಲೆಯಲ್ಲೇ ಇರುವುದರಿಂದ ವ್ಯಂಜನ ಮುಳುಗುವ ಭಯವೂ ಇಲ್ಲ. ಅಗಲಿಕೆಯ ಹಾಡನ್ನು ಕುಣಿತದ ತಾಳಕ್ಕೆ ತಿರುಗಿಸಿ ಮದುಮಗನ ಮುಂದೆ ಊದುವಾಗ ಯಾರಿಗೂ ಬೇಸರವಾಗುವುದಿಲ್ಲ. ಭಾವ ಏನೇ ಇರಲಿ, ಎದೆಯುಬ್ಬಿಸಿ ಊದಿದ್ದು ಕೇಳಿತಲ್ಲ!

ಬಿಸಿಲೂ ಈ ಸಂಗೀತದಲ್ಲಿ ಪಾಲುದಾರ. ಏಪ್ರಿಲ್–ಮೇ ತಿಂಗಳ ಮದುವೆಗಳಲ್ಲಿ ಮಧ್ಯಾಹ್ನ 38 ಡಿಗ್ರಿ, ರಾತ್ರಿ ಆರತಕ್ಷತೆಯ ಹೊತ್ತಿಗೆ 24 ಎಂದಿಟ್ಟುಕೊಳ್ಳಿ. ಪ್ರತಿ ಡಿಗ್ರಿಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರು ಹೆಚ್ಚುತ್ತದೆ, ಕೊಳವೆಯ ಸ್ವರವೂ ಅದರೊಂದಿಗೆ ಏರುತ್ತದೆ. ಲೆಕ್ಕದ ಪ್ರಕಾರ ಈ ಎರಡು ಹೊತ್ತುಗಳ ನಡುವಿನ ವ್ಯತ್ಯಾಸ ಅರ್ಧಸ್ವರದ ಶೇ 40ರಷ್ಟು. ಕೊಳವೆಯೊಳಗೆ ಊದುವವರ ಉಸಿರಿನ ಬಿಸಿ ಇರುವುದರಿಂದ ನಿಜದಲ್ಲಿ ಅಷ್ಟಾಗುವುದಿಲ್ಲ, ಆದರೂ ಕಿವಿಗೆ ತಟ್ಟುವಷ್ಟು ಆಗುತ್ತದೆ. ಎಲ್ಲರೂ ಊದುವವರೇ ಆಗಿದ್ದಾಗ ಎಲ್ಲರೂ ಒಟ್ಟಿಗೆ ಏರುತ್ತಿದ್ದರು, ತೊಂದರೆಯಿರಲಿಲ್ಲ. ಈಗ ತಳ್ಳುಗಾಡಿಯ ಮೇಲೆ ಕೀಬೋರ್ಡೂ ಬಂದಿದೆ. ಅದಕ್ಕೆ ಬಿಸಿಲು ತಾಗುವುದಿಲ್ಲ. ಟ್ರಂಪೆಟ್ಟಿನವನು ಕೊಳವೆಯ ಸ್ಲೈಡನ್ನು ಬೆರಳಗಲ ಹೊರಗೆಳೆದು ತನ್ನ ಸ್ವರವನ್ನು ಯಂತ್ರದ ಸ್ವರಕ್ಕೆ ಇಳಿಸಿಕೊಳ್ಳಬೇಕು.

ಚೌನಿಂಗನ ಲೆಕ್ಕ ಬೀದಿಗೆ ಬಂದದ್ದು ಹೀಗೆ. ಕೀಬೋರ್ಡಿನಲ್ಲಿ ‘ಬ್ರಾಸ್’ ಎಂಬ ಗುಂಡಿ ಒತ್ತಿದರೆ ನಾಲ್ಕು ಜನರ ಕೆಲಸ ಒಬ್ಬನಿಂದ ಆಗುತ್ತದೆ, ಸಂಬಳವೂ ಒಬ್ಬನದೇ. ಅದನ್ನು ತೆಗಳುವುದು ಸುಲಭ. ಮದುವೆ ಖರ್ಚು ಹೊರುವವರಿಗೆ ಆ ತೆಗಳಿಕೆ ರುಚಿಸದು. ಕಿವಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ, ಅದೂ ಮೊದಲ ಸ್ವರಕ್ಕಲ್ಲ, ಎಂಟನೆಯದೋ ಹತ್ತನೆಯದೋ ಬರುವ ಹೊತ್ತಿಗೆ. ಯಂತ್ರದ ಹತ್ತೂ ಸ್ವರಗಳು ಒಂದೇ ಬಗೆಯಲ್ಲಿ ಹುಟ್ಟುತ್ತವೆ. ತುಟಿಯಿಂದ ಹೊರಟವು ಹಾಗಲ್ಲ: ಒಂದು ಸ್ವಲ್ಪ ತಡವಾಗಿ ಹೊಳೆಯುತ್ತದೆ, ಒಂದು ಒಡೆದು ಬರುತ್ತದೆ, ದಣಿದಂತೆ ಮೇಲ್ಸ್ವರಗಳು ಉದುರುತ್ತ ಹೋಗುತ್ತವೆ. ಮೆರವಣಿಗೆ ಮನೆ ಮುಟ್ಟುವ ಹೊತ್ತಿಗೆ ಬ್ಯಾಂಡಿನವರು ಎಷ್ಟು ಸುಸ್ತಾಗಿದ್ದಾರೆ ಎಂಬುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಕೀಬೋರ್ಡ್ ಸುಸ್ತಾಗುವುದು ಕರೆಂಟು ಹೋದಾಗ ಮಾತ್ರ.

ಇದನ್ನೆಲ್ಲ ನನ್ನ ಮಾತಿನ ಮೇಲೆ ನಂಬಬೇಕಿಲ್ಲ. ಮೊಬೈಲಿಗೆ ಸದ್ದಿನ ಮೇಲ್ಸ್ವರಗಳನ್ನು ಬಿಡಿಸಿ ತೋರಿಸುವ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ಮುಂದಿನ ಮದುವೆಯಲ್ಲಿ ಬ್ಯಾಂಡಿನವರು ಚಹಾಕ್ಕೆ ನಿಂತಾಗ ಒಬ್ಬ ಟ್ರಂಪೆಟ್ ವಾದಕರನ್ನು ವಿನಂತಿಸಿಕೊಂಡು ಒಂದೇ ಸ್ವರವನ್ನು ಮೊದಲು ಮೆತ್ತಗೆ, ಆಮೇಲೆ ಪೂರ್ತಿ ಬಲದಿಂದ ಊದಿಸಿ. ಎದುರಿಗೆ ನಾಲ್ಕೈದು ಹೆಜ್ಜೆ ದೂರ ನಿಲ್ಲಿ. ಹತ್ತಿರ ಹೋದರೆ ಮೊಬೈಲಿನ ಮೈಕು ತಾನೇ ಒಡೆದು ಇಲ್ಲದ ಗೆರೆಗಳನ್ನು ತೋರಿಸೀತು. ಮೆತ್ತಗಿನ ಸ್ವರಕ್ಕೆ ಪರದೆಯ ಎಡಬದಿಯಲ್ಲಿ ಕೆಲವೇ ಗೆರೆಗಳು ಏಳುತ್ತವೆ. ಬಲದ ಸ್ವರಕ್ಕೆ ಅವು ಬಲಕ್ಕೆ ಸಾಲುಗಟ್ಟಿ ಹಬ್ಬುತ್ತವೆ. ಆಮೇಲೆ ಅವರು ಬೆನ್ನು ತಿರುಗಿಸಿ ಅದೇ ಬಲದಿಂದ ಊದಲಿ: ಎಡಬದಿಯ ಗೆರೆಗಳು ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತವೆ, ಬಲಬದಿಯವು ಕುಸಿಯುತ್ತವೆ. ಗೋಡೆಯೊಂದು ಎದುರಿಗಿದ್ದರೆ ಸದ್ದು ಅದಕ್ಕೆ ತಾಗಿ ಮರಳಿ ಬಂದು ಲೆಕ್ಕ ಕೆಡಿಸುತ್ತದೆ. ಬಯಲಿನಲ್ಲಿ ಮಾಡುವುದು ಒಳ್ಳೆಯದು.